ಗೀಸರ್ ಗೊರಗೊರ ಅನ್ನುತ್ತಿದೆ

ಪ್ರಶ್ನೆ: ನಮ್ಮದು ತುಮಕೂರು, ಬೋರ್‌ವೆಲ್ ನೀರು. 15 ಲೀಟರಿನ ಗೀಸರ್ ಒಳಗೆ ಗೊರಗೊರ ಸದ್ದು. ಕೆಂಪು ದೀಪ ಬೇಗ ಆರುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ. ಕಾಯುವಾಗ ವಾಲ್ವ್‌ನಿಂದ ತೊಟ್ಟಿಕ್ಕುತ್ತದೆ. ರಿಪೇರಿಯವರು ಹೊಸದೇ ತಗೊಳ್ಳಿ ಅಂದರು. ಏನು ಮಾಡಲಿ?
– ಒಬ್ಬ ಗೃಹಿಣಿ

ಉತ್ತರ: ಅವಸರ ಬೇಡಮ್ಮ. ಟ್ಯಾಂಕ್ ಸೋರುತ್ತಿದ್ದರೆ ಮಾತ್ರ ಹೊಸದರ ಯೋಚನೆ ಮಾಡಿ. ನಿಮ್ಮದು ಗಡಸು ನೀರಿನ ಕಾಟ. ಕಾದ ನೀರಿನ ಸುಣ್ಣ ಕಾಯಿಲ್‌ಗೆ ಮೆತ್ತಿಕೊಳ್ಳುತ್ತದೆ. ಅದರಡಿ ಸಿಕ್ಕ ನೀರು ಕುದ್ದು ಸದ್ದು ಮಾಡುತ್ತದೆ. ಬಿಸಿ ಅಲ್ಲೇ ನಿಂತು, ಬಿಸಿ ನೋಡಿ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಬೇಗ ಕಟ್ ಆಗುತ್ತಿರಬಹುದು. ಅದೇ ಕೆಟ್ಟಿರಲೂಬಹುದು, ಪರೀಕ್ಷಿಸಲು ಹೇಳಿ. 2000 ವ್ಯಾಟ್ ಕಾಯಿಲ್ ಸರಿಯಿದ್ದರೆ 25 ಡಿಗ್ರಿಯ 15 ಲೀಟರ್ ನೀರು 60ಕ್ಕೆ ಏರಲು ಸುಮಾರು 20 ನಿಮಿಷ ಸಾಕು.

ಕಾಯಿಲ್ ಬಿಚ್ಚಿಸಿ ಸುಣ್ಣ ತೆಗೆಸಿ, ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದು ಹಾಕಿಸಿ. ಒಳಗಿನ ಮೆಗ್ನೀಸಿಯಂ ರಾಡ್ ನಿಮ್ಮ ಕಣ್ಣೆದುರೇ ಹೊರತೆಗೆಯಲಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವುದು ಅದರ ಕೆಲಸ. ಕಡ್ಡಿಯಂತಾಗಿದ್ದರೆ ಬದಲಿಸಿ. ಇದನ್ನು ಕೇಳುವ ಗಿರಾಕಿಗಳೇ ಕಡಿಮೆ, ಹಾಗಾಗಿ ಹೇಳುವವರೂ ಕಡಿಮೆ!

ಕಾಯುವಾಗ ವಾಲ್ವ್ ನಾಲ್ಕು ಹನಿ ಬಿಟ್ಟರೆ ಚಿಂತೆಯಿಲ್ಲ. ನೀರು ಹಿಗ್ಗಿದ ಒತ್ತಡ ಅದು. ಸದಾ ಸುರಿದರೆ ವಾಲ್ವ್ ಬದಲಿಸಿ. ಎಂಸೀಲ್ ಹಾಕಿ ಮುಚ್ಚಿಸಿದರೆ ಮಾತ್ರ ಟ್ಯಾಂಕ್ ಸಿಡಿದೀತು.

ನಲ್ಲಿ ಮುಟ್ಟಿದಾಗ ಚುರ್ ಅಂದರೆ ಆ ಕ್ಷಣವೇ ಮೇನ್ ಆರಿಸಿ, ಕಾಯಿಲ್ ಮತ್ತು ಅರ್ಥಿಂಗ್ ಪರೀಕ್ಷಿಸುವ ತನಕ ಹಂಡೆಯಲ್ಲೇ ಕಾಯಿಸಿಕೊಳ್ಳಿ.