52ರಲ್ಲಿ 27 ಹೋದರೆ 35 ಎನ್ನುವ ಮಕ್ಕಳು

ಪ್ರಶ್ನೆ: ನಾಲ್ಕನೇ ತರಗತಿಯ ಆರು ಮಕ್ಕಳು 52ರಲ್ಲಿ 27 ಕಳೆದು 35 ಎಂದೇ ಬರೆಯುತ್ತಾರೆ. ಎಷ್ಟು ಲೆಕ್ಕ ಮಾಡಿಸಿದರೂ ಅಷ್ಟೇ. ಏನು ಮಾಡಲಿ?

ಉತ್ತರ: ಇನ್ನಷ್ಟು ಲೆಕ್ಕ ಕೊಡುವುದನ್ನು ಮೊದಲು ನಿಲ್ಲಿಸಿ, ತಪ್ಪೇ ರೂಢಿಯಾಗಿಬಿಡುತ್ತದೆ. ಇದು ಗಮನವಿಲ್ಲದ ತಪ್ಪಲ್ಲ. 2ರಲ್ಲಿ 7 ಹೋಗದು ಅಂತ ಮಗು 7ರಲ್ಲಿ 2 ಕಳೆದು 5 ಬರೆಯುತ್ತಿದೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂದು ಹಿಂದೆ ಹೇಳಿಕೊಟ್ಟವರು ನಾವೇ ತಾನೆ!

ಹತ್ತತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಡಿ. ‘ಏಳು ಬಿಡಿ ಕಡ್ಡಿ ಕೊಡು’ ಎನ್ನಿ. ಮಗು ತಡವರಿಸುತ್ತದೆ. ಕಾಯಿರಿ, ರಬ್ಬರ್ ಬ್ಯಾಂಡನ್ನು ನೀವು ಬಿಚ್ಚಬೇಡಿ. ಮಗುವೇ ಒಂದು ಕಟ್ಟು ಬಿಚ್ಚಿದಾಗ ನಾಲ್ಕು ಕಟ್ಟು, ಹನ್ನೆರಡು ಬಿಡಿ ಆಗುತ್ತವೆ. ಆ ಕ್ಷಣವೇ ಬರೆಸಿ: 5 ಹೊಡೆದು 4, 2ರ ಜಾಗದಲ್ಲಿ 12. ಕಡ್ಡಿ ಈ ವಾರ, ಬರಹ ಮುಂದಿನ ವಾರ ಎಂದರೆ ಎರಡಕ್ಕೂ ನಂಟು ಕೂರುವುದಿಲ್ಲ. ಬಂದ 25ಕ್ಕೆ 27 ಕೂಡಿಸಿ ಮಗುವೇ ತಾಳೆ ನೋಡಲಿ.

ದಿನಕ್ಕೆ 15 ನಿಮಿಷ, ನಾಲ್ಕೇ ಲೆಕ್ಕ ಸಾಕು. ನಡುವೆ 58ರಲ್ಲಿ 23ರಂಥದ್ದೂ ಇರಲಿ. ಇಲ್ಲದಿದ್ದರೆ ಬೇಡದ ಕಡೆಯೂ ಕಟ್ಟು ಬಿಚ್ಚುತ್ತಾರೆ. 302ರಂಥ ಸೊನ್ನೆಯ ಲೆಕ್ಕ ಮಾತ್ರ ಈಗಲೇ ಬೇಡ.