ಐದನೇ ಪ್ಯಾರಾದಿಂದ ಶುರುಮಾಡಿ

ನಮಸ್ಕಾರ.

ಮರದ ಮೇಲೆ ಬೆಳೆಯುವ ಕಳ್ಳಿ ರಿಪ್ಸಾಲಿಸ್ ಅನ್ನು ಬೆಳೆಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಕಳಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ನಿಮ್ಮ ಐದನೇ ಪ್ಯಾರಾ ತಡೆಯುತ್ತಿದೆ.

ಹುರಿಯಷ್ಟು ಸಣ್ಣ ಕಾಂಡ ಕುಂಡದ ಅಂಚಿಗೆ ತಾಗಿದಲ್ಲಿ ಕೂದಲಿನಂಥ ಬಿಳಿ ಬೇರು ಮೂಡಿದ್ದನ್ನು ಅಲ್ಲಿ ಬರೆದಿದ್ದೀರಿ. ಮುತ್ತಿನಂಥ ಹಣ್ಣು ಹಿಚುಕಿದಾಗ ಬೀಜ ಬೆರಳಿಗಂಟಿ ಬಿಡದೇ ಹೋದದ್ದನ್ನೂ ಬರೆದಿದ್ದೀರಿ. ಆ ಗಿಡ ಬದುಕುವ ರೀತಿಯೇ ಅದು! ಹಣ್ಣು ತಿಂದ ಹಕ್ಕಿಗಳಿಂದ ಬೀಜ ಕೊಂಬೆ ಸೇರುತ್ತದೆ, ಅಂಟಿಕೊಂಡಲ್ಲೇ ಮೊಳೆಯುತ್ತದೆ, ತೊಗಟೆಯ ಸಂದಿನ ಪಾಚಿಯಲ್ಲಿ, ಕೊಳೆತ ಎಲೆಯಲ್ಲಿ ಬೇರು ಹಿಡಿಯುತ್ತದೆ. ನೀವೋ ಅಷ್ಟು ಕಂಡವರು, ಮುಂದಿನ ಸಾಲಿಗೇ ಪ್ರಕೃತಿಯ ವಿಸ್ಮಯದ ವರ್ಣನೆಗೆ ಇಳಿದುಬಿಟ್ಟಿರಿ. ಮೊದಲ ನಾಲ್ಕು ಪ್ಯಾರಾಗಳಲ್ಲಿ ಇರುವುದೂ ಅದೇ. ಅವನ್ನು ಪೂರ್ತಿ ತೆಗೆದುಹಾಕಿ.

‘ಕಳ್ಳಿಯಾದ್ದರಿಂದ ಸುಡುಬಿಸಿಲಿನಲ್ಲಿಡಿ, ತಿಂಗಳಿಗೊಮ್ಮೆ ನೀರು ಸಾಕು’ ಎಂದಿದ್ದೀರಿ. ಇದು ಮರಳುಗಾಡಿನ ಕಳ್ಳಿಗೆ ಹೇಳುವ ಮಾತು. ನಿಮ್ಮನ್ನು ನಂಬಿ ಹಾಗೆ ಮಾಡಿದ ಓದುಗರ ಗಿಡ ಸಾಯುತ್ತದೆ. ರಿಪ್ಸಾಲಿಸ್‌ನ ಹೆಚ್ಚಿನ ಪ್ರಭೇದಗಳ ತವರು ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಮಳೆಕಾಡು. ಎಲೆಗಳ ನಡುವೆ ಸೋಸಿ ಬಂದ ಬೆಳಕು, ತೇವದ ಗಾಳಿ ಅದಕ್ಕೆ ಹಿತ. ನಡುಮಧ್ಯಾಹ್ನದ ಬಿಸಿಲಿಗೆ ಕಾಂಡ ಕೆಂಪಾಗಿ, ಆಮೇಲೆ ಸುಡುತ್ತದೆ. ಕುಂಡದ ಮೇಲ್ಭಾಗ ಒಣಗಿದೊಡನೆ ನೀರು ಬೇಕು, ಬಹಳ ದಿನ ಒಣಗಿದರೆ ಕಾಂಡ ಸುಕ್ಕುಗಟ್ಟುತ್ತದೆ. ಹಾಗೆಂದು ಬರೀ ಜಿಗುಟು ಮಣ್ಣು ತುಂಬಿದರೆ ಬೇರು ಕೊಳೆಯುತ್ತದೆ. ತೊಗಟೆ ಚೂರು, ತೆಂಗಿನ ಸಿಪ್ಪೆಯ ತುಂಡು, ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿದ ಹಗುರ ಮಿಶ್ರಣ, ಆಳವಿಲ್ಲದ ಕುಂಡ. ಇಷ್ಟು ಬರೆಯಿರಿ, ಯಾಕೆಂದೂ ಬರೆಯಿರಿ.

ಇಂಗ್ಲಿಷಿನ ‘ಮಿಸಲ್‌ಟೋ ಕ್ಯಾಕ್ಟಸ್’ (ಬಂದಳಿಕೆ ಕಳ್ಳಿ) ಎಂಬ ಹೆಸರು ನೋಡಿ ಇದನ್ನು ಬಂದಳಿಕೆ ಎಂದು ಕರೆದದ್ದು ನನಗೆ ನಿಜಕ್ಕೂ ಬೇಸರ ತಂದಿತು. ಬಂದಳಿಕೆ ಮರದೊಳಗೆ ಬೇರಿಳಿಸಿ ಅದರ ರಸ ಹೀರುತ್ತದೆ. ರಿಪ್ಸಾಲಿಸ್ ಮರದ ಮೇಲೆ ಕೂತಿರುತ್ತದೆ ಅಷ್ಟೆ, ಮರದಿಂದ ಏನನ್ನೂ ಕೀಳುವುದಿಲ್ಲ. ಆ ಹೆಸರು ಬಂದದ್ದು ಬಿಳಿ ಹಣ್ಣುಗಳ ಹೋಲಿಕೆಯಿಂದ.

1788ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ಗೇರ್ಟ್‌ನರ್ ಈ ಕುಲಕ್ಕೆ ಹೆಸರಿಟ್ಟ ಸಂಗತಿಗೆ ಒಂದು ಸಾಲು ಸಾಕು. ಕಳ್ಳಿಗಳೆಲ್ಲ ಅಮೆರಿಕ ಖಂಡಗಳವೇ ಎಂಬ ಸಾಲು ತಪ್ಪು: ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಪ್ರಭೇದ ಆಫ್ರಿಕ, ಮಡಗಾಸ್ಕರ್, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಅಷ್ಟು ದೂರ ಹಕ್ಕಿ ಒಯ್ದಿತೋ, ಹಡಗಿನವರು ಒಯ್ದರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿಮ್ಮ ಅಂಟುಬೀಜದ ಪಕ್ಕದಲ್ಲೇ ಇದು ಬರಬೇಕು.

ಕೊನೆಯಲ್ಲಿ, ಕಾಂಡದ ತುಂಡೊಂದನ್ನು ಕತ್ತರಿಸಿ, ಗಾಯ ಆರಲು ಬಿಟ್ಟು ನೆಟ್ಟೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ್ದೀರಿ. ಅದು ಚಿಗುರಿತೇ? ಎಷ್ಟನೇ ದಿನಕ್ಕೆ? ಚಿಗುರು ಬಂದದ್ದು ತುದಿಯಿಂದಲೋ, ಪಕ್ಕದಿಂದಲೋ? ಅದನ್ನೂ ಸೇರಿಸಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.