ಹಳೆಯ ಆಯಿಲ್ ಬಸಿಯುವ ಮುನ್ನ: ಡೀಸೆಲ್ ಎಂಜಿನ್ ಆರೈಕೆಯ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಘಟಕದ ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿದ ಎರಡೇ ದಿನಕ್ಕೆ ಅದು ಕಪ್ಪಾಗುತ್ತದೆ. ಆಯಿಲ್ ಕಲಬೆರಕೆಯದೇ? ಇನ್ನೂ ಬೇಗ ಬದಲಿಸಬೇಕೇ?

ಉತ್ತರ: ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಡೀಸೆಲ್ ಉರಿಯುವಾಗ ಮಸಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಎಂಜಿನ್ನಿನ ತಳದಲ್ಲಿರುವ ಸಂಪ್ ಎಂಬ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಈ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟದಂತೆ ತಡೆಯಲೆಂದೇ ಡೀಸೆಲ್ ಎಂಜಿನ್ ಆಯಿಲ್‌ನಲ್ಲಿ ಡಿಸ್ಪರ್ಸೆಂಟ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಬಿಡಿಬಿಡಿಯಾಗಿ ತೇಲುವ ಮಸಿಯ ಕಣ ಒಂದು ಮೈಕ್ರಾನ್‌ಗಿಂತಲೂ ಚಿಕ್ಕದು, ಫಿಲ್ಟರ್ ಅದನ್ನು ಹಿಡಿಯುವುದಿಲ್ಲ. ಜೊತೆಗೆ, ಆಯಿಲ್ ಬಸಿದಾಗ ಕೊಳವೆಗಳಲ್ಲಿ, ಕೂಲರ್‌ನಲ್ಲಿ ಉಳಿದ ಹಳೆಯ ಆಯಿಲ್ ಹೊಸದಕ್ಕೆ ಕೂಡಲೇ ಬಣ್ಣ ಕೊಡುತ್ತದೆ. ಕಪ್ಪು ಬಣ್ಣ ಆಯಿಲ್ ತನ್ನ ಕೆಲಸ ಮಾಡುತ್ತಿರುವುದರ ಗುರುತು.

ಆದರೆ ಆ ಡಿಸ್ಪರ್ಸೆಂಟ್‌ನ ಶಕ್ತಿಗೆ ಕೊನೆಯಿದೆ. ಅದನ್ನು ತಿಳಿಯಲು ಕಣ್ಣಿಗಿಂತ ಒಂದು ಚೂರು ಫಿಲ್ಟರ್ ಕಾಗದ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಸಿ ಎಂಜಿನ್ನಿನ ಡಿಪ್‌ಸ್ಟಿಕ್‌ನಿಂದ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಂದು ಹನಿ ಅದರ ಮೇಲೆ ಬಿಡಿ, ಕೆಲವು ಗಂಟೆ ಅಲುಗಾಡಿಸದೆ ಮಟ್ಟಸವಾಗಿ ಇಡಿ. ಮಸಿ ಕಲೆಯ ಅಂಚಿನವರೆಗೂ ಸಮನಾಗಿ ಹರಡಿದ್ದರೆ ಆಯಿಲ್‌ಗೆ ಇನ್ನೂ ಶಕ್ತಿಯಿದೆ. ನಡುವೆ ದಟ್ಟ ಕಪ್ಪು ಬಿಲ್ಲೆಯಾಗಿ ನಿಂತು, ಅದರ ಅಂಚು ಗೆರೆ ಎಳೆದಂತೆ ಕಂಡರೆ ಡಿಸ್ಪರ್ಸೆಂಟ್ ಮುಗಿದಿದೆ ಎಂದರ್ಥ. ಅಂಥ ಆಯಿಲನ್ನು ಗಂಟೆಗಳ ಲೆಕ್ಕ ಬಾಕಿಯಿದ್ದರೂ ಬದಲಿಸಿ. ಇದು ಪ್ರಯೋಗಾಲಯದ ವರದಿಗೆ ಸಮನಲ್ಲ, ಆದರೆ ಪ್ರತಿ ವಾರ ಮಾಡಿ ದಿನಾಂಕ ಬರೆದಿಟ್ಟ ಕಾಗದಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಎಂಜಿನ್ನಿನ ಸ್ಥಿತಿ ಎತ್ತ ಸಾಗುತ್ತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ನೀವು ನಿಜವಾಗಿ ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ. ಆ ಬಣ್ಣ ಬಂದರೆ ಆಯಿಲ್‌ಗೆ ನೀರು ಸೇರಿದೆ.

ಪ್ರಶ್ನೆ: ಎರಡು ತಿಂಗಳಿಂದ ಆಯಿಲ್ ಸೇರಿಸಿಲ್ಲ. ಆದರೂ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿದಿಲ್ಲ, ಸ್ವಲ್ಪ ಏರಿದಂತೆಯೇ ಇದೆ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲ, ಒಳ್ಳೆಯ ಸ್ಥಿತಿಯಲ್ಲಿದೆ ಎಂದು ನಮ್ಮ ಆಪರೇಟರ್ ಹೇಳುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ದಯವಿಟ್ಟು ಈ ಎಂಜಿನ್ನನ್ನು ಇಂದೇ ನಿಲ್ಲಿಸಿ, ಕಾರಣ ಗೊತ್ತಾಗುವವರೆಗೆ ಓಡಿಸಬೇಡಿ. ಈ ಸಲ ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಇದೇ.

ಆರೋಗ್ಯವಂತ ಡೀಸೆಲ್ ಎಂಜಿನ್ ಕೂಡ ಸ್ವಲ್ಪ ಆಯಿಲ್ ಸುಡುತ್ತದೆ. ಹಾಗಿರುವಾಗ ಮಟ್ಟ ಏರಬೇಕಾದರೆ ಹೊರಗಿನಿಂದ ಏನೋ ಒಳಗೆ ಬರುತ್ತಿರಲೇಬೇಕು. ಅದು ಡೀಸೆಲ್ ಆಗಿರಬಹುದು ಅಥವಾ ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಆಗಿರಬಹುದು. ಮಟ್ಟ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಯಾರೂ ಆಗುವುದಿಲ್ಲ. ಬೇರಿಂಗ್‌ಗಳು ಹಾಳಾಗುವುದು ಹೆಚ್ಚಾಗಿ ಈ ನಿಶ್ಚಿಂತೆಯಲ್ಲಿಯೇ.

ಇದು ಯಾಕೆ ಇಷ್ಟು ಗಂಭೀರ ಎಂಬುದಕ್ಕೆ ಬೇರಿಂಗ್‌ನೊಳಗೆ ನಡೆಯುವುದನ್ನು ತಿಳಿಯಬೇಕು. ಪಂಪಿನ ಒತ್ತಡವೇ ಕ್ರ್ಯಾಂಕ್‌ಶಾಫ್ಟನ್ನು (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಎತ್ತಿ ಹಿಡಿಯುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಪಂಪ್ ಮಾಡುವುದು ಆಯಿಲನ್ನು ಬೇರಿಂಗ್‌ವರೆಗೆ ತಲುಪಿಸುವ ಕೆಲಸ ಮಾತ್ರ. ಆಮೇಲೆ ತಿರುಗುವ ಶಾಫ್ಟ್ ತಾನೇ ಆಯಿಲನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಳ್ಳುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ವೇಗದ ಟೈರ್ ನೀರಿನ ಮೇಲೆ ತೇಲುವಂತೆ ಶಾಫ್ಟ್ ಆ ಪದರದ ಮೇಲೆ ತೇಲುತ್ತದೆ. ಆ ಪದರದ ದಪ್ಪ ಕೆಲವೇ ಮೈಕ್ರಾನ್. ಅದನ್ನು ಉಳಿಸುವುದು ಆಯಿಲಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ತೋರುವ ಪ್ರತಿರೋಧ. ಡೀಸೆಲ್ ಬೆರೆತರೆ ಸ್ನಿಗ್ಧತೆ ಕುಸಿಯುತ್ತದೆ, ಪದರ ತೆಳುವಾಗುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಅದಕ್ಕಾಗಿಯೇ ತಯಾರಕರು ಆಯಿಲ್‌ನಲ್ಲಿ ಇಂಧನದ ಬೆರಕೆಗೆ ಸಾಮಾನ್ಯವಾಗಿ ಶೇ 3ರಿಂದ 5ರ ಮಿತಿ ಹಾಕುತ್ತಾರೆ. ಇನ್ನೊಂದು ಅಪಾಯವೂ ಇದೆ: ಸಂಪ್ ಮಿತಿ ಮೀರಿ ತುಂಬಿದರೆ ತೆಳುವಾದ ಆಯಿಲ್ ಬ್ರೀದರ್ (ಎಂಜಿನ್ನಿನೊಳಗಿನ ಆವಿ ಹೊರಹೋಗುವ ಕೊಳವೆ) ಮೂಲಕ ಗಾಳಿಯ ದಾರಿಗೆ ಸೇರಿ ಎಂಜಿನ್ನಿಗೆ ಇಂಧನವಾಗಬಹುದು. ಆಗ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲದೆ ವೇಗ ಏರಿಸಿಕೊಳ್ಳುತ್ತದೆ. ಗಾಳಿಯ ದಾರಿಯನ್ನೇ ಮುಚ್ಚಬೇಕಾಗುತ್ತದೆ.

ಪತ್ತೆ ಹೇಗೆ? ಮೊದಲು ಮೂಸಿ ನೋಡಿ, ಡೀಸೆಲಿನ ವಾಸನೆ ಬರಬಹುದು. ಕಾಗದದ ಮೇಲಿನ ಹನಿಯಲ್ಲಿ ಮಸಿಯ ಕಲೆಯ ಆಚೆಗೆ ತಿಳಿಯಾದ ಇನ್ನೊಂದು ಉಂಗುರ ಮೂಡಿದರೂ ಡೀಸೆಲಿನ ಅನುಮಾನ ಗಟ್ಟಿಯಾಗುತ್ತದೆ. ಆಗ ಸೋರುವ ಇಂಜೆಕ್ಟರ್, ಅದರ ಸೀಲ್, ಇಂಧನ ಪಂಪಿನ ಸೀಲ್ ಇವುಗಳನ್ನು ನೋಡಬೇಕು. ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿಸುವ ಅಭ್ಯಾಸವಿದ್ದರೆ ಅದೂ ಕಾರಣವಾಗಬಹುದು. ಕೂಲೆಂಟ್ ಅನುಮಾನವಿದ್ದರೆ ರೇಡಿಯೇಟರಿನ ಮಟ್ಟ ಇಳಿಯುತ್ತಿದೆಯೇ ಎಂದು ಪರೀಕ್ಷಿಸಿ. ರಾತ್ರಿಯಿಡೀ ನಿಂತ ಎಂಜಿನ್ನಿನ ಡ್ರೇನ್ ಪ್ಲಗ್ ಅನ್ನು ಬೆಳಿಗ್ಗೆ ಮೆಲ್ಲನೆ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಇದ್ದರೆ ಮೊದಲು ಬರುವುದು ಅದೇ. ಕಡಿಮೆ ನೀರಿದ್ದು ಆಯಿಲ್‌ನೊಳಗೇ ಬೆರೆತಿದ್ದರೆ ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಂದೇ ಹನಿಯನ್ನು 150 ಡಿಗ್ರಿ ಸೆಲ್ಸಿಯಸ್ ದಾಟಿದ ಲೋಹದ ತಟ್ಟೆಯ ಮೇಲೆ ಬಿಡಿ. ಚಟಪಟ ಸದ್ದು ಮಾಡಿ ಗುಳ್ಳೆ ಎದ್ದರೆ ನೀರಿದೆ. ಹೆಡ್ ಗ್ಯಾಸ್ಕೆಟ್, ಲೈನರಿನ (ಪಿಸ್ಟನ್ ಓಡಾಡುವ ಕೊಳವೆ) ಕೆಳಗಿನ ರಬ್ಬರ್ ಉಂಗುರಗಳು, ಆಯಿಲ್ ಕೂಲರ್ ಇವು ಮೂರು ಮುಖ್ಯ ದಾರಿಗಳು.

ಕಾರಣ ಸರಿಪಡಿಸದೆ ಆಯಿಲ್ ಮಾತ್ರ ಬದಲಿಸಿದರೆ ಹೊಸ ಆಯಿಲೂ ಅದೇ ಗತಿ ಕಾಣುತ್ತದೆ. ನಿಮ್ಮ ಆಪರೇಟರನ್ನು ದೂರಬೇಡಿ, ಅವರು ಮಟ್ಟ ನೋಡುತ್ತಿರುವುದರಿಂದಲೇ ನಮಗಿದು ಗೊತ್ತಾಯಿತು. ಇನ್ನು ಮುಂದೆ ಲಾಗ್‌ಬುಕ್‌ನಲ್ಲಿ ‘ಸರಿಯಿದೆ’ ಎಂದು ಬರೆಯುವ ಬದಲು ಎರಡು ಗುರುತುಗಳ ನಡುವೆ ಮಟ್ಟ ಎಲ್ಲಿದೆ ಎಂದು ಬರೆಯಲು ಹೇಳಿ. ಎಂಜಿನ್ ನಿಲ್ಲಿಸಿ 10–15 ನಿಮಿಷ ಬಿಟ್ಟು, ಸಾಧ್ಯವಾದರೆ ದಿನವೂ ಒಂದೇ ಹೊತ್ತಿಗೆ ನೋಡಲಿ. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಲಿ.

ಪ್ರಶ್ನೆ: ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಒತ್ತಡ ಕಡಿಮೆ ತೋರಿಸುತ್ತದೆ. 15ಡಬ್ಲ್ಯೂ-40 ಬದಲು ದಪ್ಪನೆಯ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಸಲಹೆ ಕೊಟ್ಟಿದ್ದಾರೆ.

ಉತ್ತರ: ಗೇಜಿನ ಮುಳ್ಳು ಮೇಲೇರುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಒತ್ತಡವೆಂದರೆ ಹರಿವಿಗೆ ಎದುರಾಗುವ ಅಡ್ಡಿ. ಆಯಿಲ್ ದಪ್ಪವಾದಷ್ಟೂ ಅಡ್ಡಿ ಹೆಚ್ಚುತ್ತದೆ, ತಣ್ಣಗಿರುವಾಗ ದೂರದ ಬೇರಿಂಗ್‌ಗಳನ್ನು, ಟರ್ಬೊವನ್ನು (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ತಲುಪಲು ತಡವಾಗುತ್ತದೆ, ಶಾಖವನ್ನು ಹೊತ್ತೊಯ್ಯುವ ಪ್ರಮಾಣವೂ ತಗ್ಗುತ್ತದೆ.

ಮೊದಲು ಬೇರೊಂದು ಯಾಂತ್ರಿಕ ಗೇಜ್ ಹಾಕಿ ಅಳೆಯಿರಿ, ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಆಮೇಲೆ ಮಟ್ಟ, ಡೀಸೆಲ್ ಬೆರಕೆ, ಫಿಲ್ಟರ್, ಸಂಪಿನೊಳಗಿನ ಜಾಲರಿ, ಒತ್ತಡ ನಿಯಂತ್ರಿಸುವ ಕವಾಟ ಇವನ್ನು ಈ ಕ್ರಮದಲ್ಲೇ ನೋಡಿ. ಇವೆಲ್ಲ ಸರಿಯಿದ್ದರೆ ಬೇರಿಂಗ್ ಸವೆದಿರುವ ಸಾಧ್ಯತೆ ಉಳಿಯುತ್ತದೆ. ಒತ್ತಡ ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕಿಂತ ಇಳಿದಿದ್ದರೆ ಓಡಿಸುತ್ತ ಪರೀಕ್ಷಿಸಬೇಡಿ.

ಡಬ್ಬಿಯ ಮೇಲಿನ ಗುರುತುಗಳ ಬಗ್ಗೆ ಎರಡು ಮಾತು. ಕೊನೆಯ 40 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ಒಳಗಿರುತ್ತದೆ ಎಂಬ ಭರವಸೆ. 15ಡಬ್ಲ್ಯೂ ಎಂಬುದು ಚಳಿಯಲ್ಲಿ ಆಯಿಲಿನ ನಡವಳಿಕೆಗೆ ಸಂಬಂಧಿಸಿದ್ದು. ಇದರಷ್ಟೇ ಮುಖ್ಯವಾದದ್ದು ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೊಡುವ ಗುಣಮಟ್ಟದ ದರ್ಜೆ. 2002ರಲ್ಲಿ ಸಿಐ-4 ಬಂತು, 2016ರ ಕೊನೆಗೆ ಸಿಕೆ-4 ಬಂತು. ಸಾಮಾನ್ಯವಾಗಿ ಹೊಸ ದರ್ಜೆಯನ್ನು ಹಳೆಯದರ ಜಾಗದಲ್ಲಿ ಬಳಸಬಹುದು. ಆದರೆ ಸಿಕೆ-4 ಜೊತೆಗೇ ಬಂದ ಎಫ್‌ಎ-4 ತೆಳು ಆಯಿಲ್ ಆಗಿದ್ದು, ಅದಕ್ಕೆಂದೇ ವಿನ್ಯಾಸಗೊಳಿಸಿದ ಎಂಜಿನ್‌ಗಳಿಗೆ ಮಾತ್ರ ಸಲ್ಲುತ್ತದೆ. ಹಳೆಯ ಎಂಜಿನ್ನಿಗೆ ಅದನ್ನು ಹಾಕಲೇಬೇಡಿ.

ಪ್ರಶ್ನೆ: ನಮ್ಮದು ವಿದ್ಯುತ್ ಹೋದಾಗ ಮಾತ್ರ ಓಡುವ ಜನರೇಟರ್. ವರ್ಷದಲ್ಲಿ 60 ಗಂಟೆಯೂ ಓಡಿಲ್ಲ. ಕೈಪಿಡಿಯಲ್ಲಿ 250 ಗಂಟೆಗೆ ಆಯಿಲ್ ಬದಲಿಸಿ ಎಂದಿದೆ. ನಾಲ್ಕು ವರ್ಷ ಬಿಡಬಹುದೇ? ಪ್ರತಿ ವಾರ ಹತ್ತು ನಿಮಿಷ ಲೋಡ್ ಇಲ್ಲದೆ ಓಡಿಸುತ್ತೇವೆ.

ಉತ್ತರ: ಆ ಸಾಲನ್ನು ಇನ್ನೊಮ್ಮೆ ಪೂರ್ತಿಯಾಗಿ ಓದಿ. ಬಹುತೇಕ ಕೈಪಿಡಿಗಳಲ್ಲಿ ಗಂಟೆಗಳ ಪಕ್ಕದಲ್ಲೇ ತಿಂಗಳುಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು ಅನ್ವಯ. ನಿಂತ ಎಂಜಿನ್ನಿನಲ್ಲಿ ತೇವ ಹನಿಗಟ್ಟಿ ಆಯಿಲಿಗೆ ಇಳಿಯುತ್ತದೆ. ಉರಿಯುವಿಕೆಯಿಂದ ಬಂದ ಆಮ್ಲ ಆ ತೇವದೊಂದಿಗೆ ಸೇರಿ ಬೇರಿಂಗ್ ಲೋಹವನ್ನು ತಿನ್ನುತ್ತದೆ. ಆಮ್ಲವನ್ನು ತಣಿಸಲು ಆಯಿಲ್‌ನಲ್ಲಿರುವ ಕ್ಷಾರದ ಸಂಗ್ರಹವನ್ನು ಪ್ರಯೋಗಾಲಯದ ವರದಿಯಲ್ಲಿ ಟಿಬಿಎನ್ (ಟೋಟಲ್ ಬೇಸ್ ನಂಬರ್) ಎಂದು ಕೊಟ್ಟಿರುತ್ತಾರೆ. ಅದು ಹೊಸ ಆಯಿಲಿನ ಅರ್ಧಕ್ಕೆ ಇಳಿದರೆ ಬದಲಿಸುವುದು ರೂಢಿ. ಪರೀಕ್ಷೆ ಮಾಡಿಸುವ ವ್ಯವಸ್ಥೆ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬದಲಿಸಿ.

ವಾರದ ಆ ಹತ್ತು ನಿಮಿಷದ ಓಟವನ್ನು ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಅದರಿಂದ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಅರೆಬೆಂದ ಡೀಸೆಲ್ ಲೈನರಿನ ಗೋಡೆಯಿಂದ ಆಯಿಲನ್ನು ತೊಳೆದು ಸಂಪಿಗೆ ಇಳಿಯುತ್ತದೆ, ಉಳಿದದ್ದು ಕಪ್ಪು ಜಿಡ್ಡಾಗಿ ಹೊಗೆಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಹೀಗೆ ಬಹಳ ಕಾಲ ನಡೆದರೆ ಲೈನರ್ ಗಾಜಿನಂತೆ ನುಣುಪಾಗಿ, ರಿಂಗ್‌ಗಳು ಹಿಡಿತ ಕಳೆದುಕೊಳ್ಳುತ್ತವೆ. ತುರ್ತು ವಿದ್ಯುತ್ ವ್ಯವಸ್ಥೆಗಳ ಬಗೆಗಿನ ಅಮೆರಿಕದ ಎನ್‌ಎಫ್‌ಪಿಎ 110 ಮಾನದಂಡ ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ, ನಾಮಫಲಕದ ಕಿಲೋವ್ಯಾಟ್‌ನ ಕನಿಷ್ಠ ಶೇ 30ರ ಲೋಡಿನಲ್ಲಿ ಓಡಿಸಬೇಕೆನ್ನುತ್ತದೆ. ನೀವು ಅದಕ್ಕೆ ಬದ್ಧರಲ್ಲದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ನಿಜವಾದ ಲೋಡ್ ಸಿಗದಿದ್ದರೆ ಲೋಡ್ ಬ್ಯಾಂಕ್ (ಕೃತಕ ಲೋಡ್ ಕೊಡುವ ಉಪಕರಣ) ತರಿಸಿ.

ಪ್ರಶ್ನೆ: ಆಯಿಲ್ ಫಿಲ್ಟರನ್ನು ಒಂದು ಸಲ ಬಿಟ್ಟು ಒಂದು ಸಲ ಬದಲಿಸಿದರೆ ಸಾಲದೇ?

ಉತ್ತರ: ಸಾಲದು. ಕಟ್ಟಿಕೊಂಡ ಫಿಲ್ಟರ್ ಆಯಿಲಿನ ಹರಿವನ್ನು ನಿಲ್ಲಿಸುವುದಿಲ್ಲ. ಎಂಜಿನ್ ಆಯಿಲ್ ಇಲ್ಲದೆ ಸಾಯದಿರಲೆಂದು ಬೈಪಾಸ್ ಕವಾಟ ತೆರೆದುಕೊಳ್ಳುತ್ತದೆ. ಆ ಕ್ಷಣದಿಂದ ಸೋಸದ ಆಯಿಲ್ ಬೇರಿಂಗ್‌ಗೆ ಹೋಗುತ್ತಿರುತ್ತದೆ, ಹೊರಗಿನವರಿಗೆ ಏನೂ ತಿಳಿಯುವುದಿಲ್ಲ.

ತೆಗೆದ ಫಿಲ್ಟರನ್ನು ಹಾಗೆಯೇ ಎಸೆಯಬೇಡಿ. ಫಿಲ್ಟರ್ ಕಟ್ಟರ್‌ನಿಂದ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಗರಗಸ ಬಳಸಿದರೆ ಅದರದೇ ಲೋಹದ ಪುಡಿ ಸೇರಿ ದಾರಿ ತಪ್ಪಿಸುತ್ತದೆ. ಆಯಸ್ಕಾಂತಕ್ಕೆ ಅಂಟುವ ಚೂರುಗಳು ಕಬ್ಬಿಣದವು. ಅಂಟದೆ ಮಿನುಗುವ ತಾಮ್ರಬಣ್ಣದ ಅಥವಾ ಬೆಳ್ಳಿಬಣ್ಣದ ಪದರಗಳು ಬೇರಿಂಗ್‌ನವಾಗಿರಬಹುದು. ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವುದಾದರೆ ಬಿಸಿ ಎಂಜಿನ್ನಿನಿಂದ, ಸಂಪಿನ ತಳದ ಕೆಸರು ಬರದಂತೆ, ಪ್ರತಿ ಸಲವೂ ಒಂದೇ ಜಾಗದಿಂದ ತೆಗೆಯಿರಿ. ವರದಿಯಲ್ಲಿ ಸಿಲಿಕಾನ್ ಏರಿದ್ದರೆ ಹೊರಗಿನ ಧೂಳು ಒಳಬರುತ್ತಿದೆ, ಏರ್ ಫಿಲ್ಟರ್ ಮತ್ತು ಅದರ ಕೊಳವೆಯ ಕ್ಲಾಂಪ್‌ಗಳನ್ನು ನೋಡಿ. ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್ ಮೇಲೆ ಅನುಮಾನಪಡಿ. ಒಂದು ವರದಿಯ ಅಂಕಿಗಿಂತ ಮೂರು ನಾಲ್ಕು ವರದಿಗಳಲ್ಲಿ ಅದು ಏರುತ್ತಿರುವ ರೀತಿ ಮುಖ್ಯ.

ಪ್ರಶ್ನೆ: ನಮ್ಮ ದೊಡ್ಡ ಎಂಜಿನ್ನಿನಲ್ಲಿ ಬೇರಿಂಗ್ ಬಿಸಿಯ ಎಚ್ಚರಿಕೆ ಬಂದಾಗ ತಕ್ಷಣ ನಿಲ್ಲಿಸಿ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್‌ಶಾಫ್ಟ್ ಇರುವ ಕೋಶ) ಬಾಗಿಲು ತೆರೆದು ನೋಡುತ್ತೇವೆ. ಸರಿಯೇ?

ಉತ್ತರ: ನಿಲ್ಲಿಸುವುದು ಸರಿ, ತೆರೆಯುವುದು ಪ್ರಾಣಕ್ಕೆ ಅಪಾಯ. ಕಾದ ಲೋಹದ ಮೇಲೆ ಬಿದ್ದ ಆಯಿಲ್ ಆವಿಯಾಗಿ, ತಣ್ಣನೆಯ ಜಾಗದಲ್ಲಿ ಮಂಜಾಗುತ್ತದೆ. ಗಾಳಿಯೊಂದಿಗೆ ಸರಿಯಾದ ಪ್ರಮಾಣದಲ್ಲಿ ಸೇರಿದ ಆ ಮಂಜು ಸ್ಫೋಟಕ. ಬಾಗಿಲು ತೆರೆದರೆ ನೀವೇ ಗಾಳಿ ಒದಗಿಸಿದಂತೆ. 1947ರ ಸೆಪ್ಟೆಂಬರ್ 11ರಂದು ‘ರೇನಾ ಡೆಲ್ ಪೆಸಿಫಿಕೋ’ ಎಂಬ ಪ್ರಯಾಣಿಕ ಹಡಗಿನ ಪರೀಕ್ಷಾ ಯಾನದಲ್ಲಿ ನಡೆದ ಕ್ರ್ಯಾಂಕ್‌ಕೇಸ್ ಸ್ಫೋಟದಲ್ಲಿ 28 ಮಂದಿ ಸತ್ತರು. ಎಂಜಿನ್ ನಿಲ್ಲಿಸಿ, ಬಾಗಿಲುಗಳ ಮುಂದಿನಿಂದ ಎಲ್ಲರನ್ನೂ ದೂರ ಕಳುಹಿಸಿ, ತಯಾರಕರು ಹೇಳಿದಷ್ಟು ಹೊತ್ತು ಕಾಯಿರಿ. ಆ ಅವಧಿ ಎಲ್ಲಿಯೂ ಬರೆದಿಲ್ಲದಿದ್ದರೆ 20 ನಿಮಿಷಕ್ಕೆ ಕಡಿಮೆಯಂತೂ ಬೇಡ. ಈ ಸೂಚನೆಯನ್ನು ದಪ್ಪ ಅಕ್ಷರದಲ್ಲಿ ಬರೆಸಿ ಎಂಜಿನ್ ಕೋಣೆಯಲ್ಲಿ ತೂಗುಹಾಕಿ.

ಪ್ರಶ್ನೆ: ಟರ್ಬೊ ಇರುವ ಎಂಜಿನ್ನನ್ನು ನಿಲ್ಲಿಸುವ ಮುನ್ನ ಖಾಲಿ ಓಡಿಸಬೇಕೇ?

ಉತ್ತರ: ಹೌದು, ಲೋಡ್ ತೆಗೆದ ಮೇಲೆ 3ರಿಂದ 5 ನಿಮಿಷ. ಚಿಕ್ಕ ಟರ್ಬೊಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಎಂಜಿನ್ ಥಟ್ಟನೆ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಬೇರಿಂಗ್‌ನಲ್ಲಿ ಉಳಿದ ಆಯಿಲ್ ಕಾದ ಟರ್ಬೊದ ಶಾಖಕ್ಕೆ ಸುಟ್ಟು ಇದ್ದಿಲಾಗುತ್ತದೆ.

ಪ್ರಶ್ನೆ: ಫ್ಯಾನ್ ಹಬ್ ಮತ್ತು ಆಲ್ಟರ್ನೇಟರ್ ಬೇರಿಂಗ್‌ಗೆ ಎಷ್ಟು ಗ್ರೀಸ್ ತುಂಬಬೇಕು?

ಉತ್ತರ: ಕೈಪಿಡಿ ಹೇಳಿದಷ್ಟು ಗ್ರಾಂ ಮಾತ್ರ. ನಿಮ್ಮ ಗ್ರೀಸ್ ಗನ್‌ನ ಒಂದು ಒತ್ತಿಗೆ ಎಷ್ಟು ಗ್ರಾಂ ಬರುತ್ತದೆ ಎಂದು ತೂಗಿ ಗನ್ನಿನ ಮೇಲೆಯೇ ಬರೆದಿಡಿ. ಅತಿಯಾಗಿ ತುಂಬಿದ ಬೇರಿಂಗ್ ಗ್ರೀಸನ್ನೇ ಕಡೆಯುತ್ತ ಬಿಸಿಯಾಗುತ್ತದೆ, ಸೀಲ್ ಹರಿಯುತ್ತದೆ. ತುಂಬುವ ಮುನ್ನ ನಿಪ್ಪಲನ್ನು ಒರೆಸಿ, ಇಲ್ಲದಿದ್ದರೆ ಮೊದಲ ಒತ್ತಿಗೆ ಒಳಹೋಗುವುದು ಅದರ ಮೇಲಿನ ಧೂಳು. ಒಂದು ಬಗೆಯ ಗ್ರೀಸ್ ಇರುವಲ್ಲಿ ಇನ್ನೊಂದು ಬಗೆಯದನ್ನು ಬೆರೆಸಬೇಡಿ. ಲಿಥಿಯಂ ಗ್ರೀಸಿಗೆ ಪಾಲಿಯೂರಿಯಾ ಗ್ರೀಸ್ ಸೇರಿದರೆ ಎರಡೂ ನೀರಾಗಿ ಬೇರಿಂಗ್‌ನಿಂದ ಹರಿದುಹೋಗಬಹುದು.